ಆ ಎರಡು ಪುಟ ನಿಲ್ಲಿಸುವುದಿಲ್ಲ, ಮೇಷ್ಟ್ರೇ

ಮೈಸೂರಿನ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಉದ್ದವಿದೆ, ಸಾರ ಇಷ್ಟು:

“ಪ್ರತಿ ಸಂಚಿಕೆಯಲ್ಲೂ ‘ಮುಂದಿನ ತಿಂಗಳು ಕ್ಯಾಂಪಸ್ಸಿನಲ್ಲಿ’ ಎಂದು ಎರಡು ಪುಟ ತುಂಬಿಸುತ್ತಿದ್ದೀರಿ. ದತ್ತಿ ಉಪನ್ಯಾಸ, ನಾಟಕ, ಕವಿಗೋಷ್ಠಿ, ಚಿತ್ರಕಲಾ ಪ್ರದರ್ಶನ. ಇದನ್ನೆಲ್ಲ ಓದುವವರು ಯಾರು? ವಿಶ್ವವಿದ್ಯಾನಿಲಯ ಇರುವುದು ಪಾಠಕ್ಕೆ, ಪರೀಕ್ಷೆಗೆ, ಸಂಶೋಧನೆಗೆ. ಸೆಮಿಸ್ಟರಿನಲ್ಲಿ ಪಾಠ ಮುಗಿಸಲೇ ದಿನ ಸಾಲದು. ಹುದ್ದೆಗಳು ಖಾಲಿ ಬಿದ್ದಿವೆ. ಇಂಥದ್ದರಲ್ಲಿ ಊರ ಜನರಿಗೆ ಮನರಂಜನೆ ಒದಗಿಸುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲ. ಆ ಪುಟಗಳಲ್ಲಿ ಉದ್ಯೋಗ ಮಾಹಿತಿ ಹಾಕಿ, ನಾಲ್ಕು ಹುಡುಗರಿಗಾದರೂ ಉಪಯೋಗವಾದೀತು.”

ಮೇಷ್ಟ್ರೇ, ಪತ್ರದಲ್ಲಿ ಸುಳ್ಳು ಒಂದೂ ಇಲ್ಲ. ಹುದ್ದೆ ಖಾಲಿ ಇರುವುದು ನಿಜ. ಅತಿಥಿ ಉಪನ್ಯಾಸಕರು ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವುದು ನಿಜ. ನಿವೃತ್ತರಿಗೆ ಪಿಂಚಣಿ ಕೊಡಲು ಪರದಾಡುವ ವಿಶ್ವವಿದ್ಯಾನಿಲಯಗಳು ನಮ್ಮಲ್ಲಿವೆ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಉದ್ಯೋಗ ಮಾಹಿತಿಯೂ ಬೇಕಾದದ್ದೇ. ಇಷ್ಟನ್ನೂ ಒಪ್ಪಿದೆ. ಆದರೆ ‘ಊರ ಜನರಿಗೆ ಮನರಂಜನೆ’ ಎಂದಿರಲ್ಲ, ಅಲ್ಲಿ ನನಗೆ ಸುಮ್ಮನಿರಲಾಗಲಿಲ್ಲ.

ನೀವು ಪಾಠ ಮಾಡಿದ ಊರಿನ ಕಥೆಯನ್ನೇ ತೆಗೆದುಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈ 27ರಂದು. ಇಪ್ಪತ್ತು ವರ್ಷ ತುಂಬುವುದರೊಳಗೇ ಅದಕ್ಕೆ ಒಂದು ವಿಷಯ ಹೊಳೆದಿತ್ತು: ಕಾಲೇಜಿನ ಬಾಗಿಲು ದಾಟಲಾಗದವನಿಗೂ ತಾನು ಏನಾದರೂ ಕೊಡಬೇಕು. ಹಾಗೆ ಹುಟ್ಟಿದ್ದು ಪ್ರಚಾರೋಪನ್ಯಾಸಗಳು. ಪ್ರಾಧ್ಯಾಪಕರು ರೈಲು ಹತ್ತಿ, ಬಸ್ಸು ಹಿಡಿದು ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು. ನಕ್ಷತ್ರ, ರೋಗ, ಬೇಸಾಯ, ಹಳಗನ್ನಡ ಕಾವ್ಯ, ಯಾವ ವಿಷಯವೂ ಹೊರಗಾಗಿರಲಿಲ್ಲ. ಆಡಿದ ಮಾತು ಗಾಳಿಗೆ ಹೋಗದಿರಲಿ ಎಂದು ಜೇಬಿಗೆ ಹಿಡಿಸುವ ಪುಸ್ತಿಕೆ ಮಾಡಿ, ಬಡವನೂ ಕೊಳ್ಳಬಹುದಾದ ಬೆಲೆಗೆ ಮಾರಿದರು. ವಿಶ್ವವಿದ್ಯಾನಿಲಯದ ಪ್ರಕಟಣ ವಿಭಾಗವಾದ ಇಂದಿನ ಪ್ರಸಾರಾಂಗದ ಬೇರು ಅಲ್ಲಿದೆ. ಹಳೆ ಪುಸ್ತಕದಂಗಡಿಯಲ್ಲಿ ಆ ಪುಸ್ತಿಕೆ ಸಿಕ್ಕರೆ ನಾನು ಇವತ್ತಿಗೂ ಬಿಡುವುದಿಲ್ಲ. ಮನೆಯಲ್ಲಿ ಬೈಗುಳ ತಿಂದರೂ ಸರಿ. ಆ ಕನ್ನಡದ ಸರಳತೆ ನೋಡಿ, ನಮ್ಮ ಈಗಿನ ಸಂಶೋಧನ ಪ್ರಬಂಧ ಒಂದನ್ನು ಪಕ್ಕದಲ್ಲಿಟ್ಟು ಓದಿ. ಹೊಟ್ಟೆ ಉರಿಯುತ್ತದೆ.

ಇನ್ನೂ ಹಿಂದಕ್ಕೆ ಹೋಗೋಣ. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. ಅವರು ಮೈಸೂರು ಸಂಸ್ಥಾನದ ಇಂಗ್ಲಿಷ್ ಅಧ್ಯಾಪಕರು, ಧಾರವಾಡ ಆಗ ಮುಂಬಯಿ ಪ್ರಾಂತ್ಯ. ಎದುರು ಕೂತವರು ಅವರ ವಿದ್ಯಾರ್ಥಿಗಳಲ್ಲ, ಹಾಜರಾತಿ ಕರೆಯುವವರಿಲ್ಲ, ಆ ಭಾಷಣದ ಮೇಲೆ ಯಾವ ಪರೀಕ್ಷೆಯಲ್ಲೂ ಪ್ರಶ್ನೆ ಬರುವುದಿಲ್ಲ. ಇವತ್ತು ನವೋದಯದ ಚರಿತ್ರೆ ಬರೆಯುವವರು ಆ ಉಪನ್ಯಾಸವನ್ನು ಬಿಟ್ಟು ಬರೆಯುತ್ತಾರೆಯೇ? ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಯಾವ ಪಠ್ಯಕ್ರಮದಲ್ಲಿತ್ತು? ಎ.ಆರ್. ಕೃಷ್ಣಶಾಸ್ತ್ರಿಗಳು ಹುಡುಗರನ್ನು ಸೇರಿಸಿಕೊಂಡು ನಡೆಸಿದ ಆ ಸಂಘದಿಂದಲೇ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಬಂತು. ಮುಂದೆ ಕುವೆಂಪು ಆದ ಪುಟ್ಟಪ್ಪ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಪದ್ಯ ಬರೆದುಕೊಂಡು ಇದ್ದವರು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ಅದನ್ನು ತೋರಿಸಿ, ‘ನಿಮ್ಮ ಭಾಷೆಯಲ್ಲಿ ಬರೆಯಬಾರದೇ’ ಎಂದು ಕೇಳಿಸಿಕೊಂಡು ಬಂದದ್ದು ನಾಡಿಗೇ ಗೊತ್ತು. ಆ ಭೇಟಿಗೆ ಎಷ್ಟು ಅಂಕ ಮೇಷ್ಟ್ರೇ?

ನೀವು ವಿಶ್ವವಿದ್ಯಾನಿಲಯ ಕೊಡುವ ಕಡೆ, ಊರು ತೆಗೆದುಕೊಳ್ಳುವ ಕಡೆ ಎಂದು ಲೆಕ್ಕ ಹಾಕಿದ್ದೀರಿ. ಲೆಕ್ಕ ತಿರುಗುಮುರುಗು ಆಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ತಂದುಕೊಟ್ಟವನು ಹೊರಗಿನ ಒಬ್ಬ ಪಂಡಿತ. 1905ರಲ್ಲಿ ಅದು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು, 1909ರಲ್ಲಿ ಅಚ್ಚಾಯಿತು, ಜಗತ್ತು ತಿರುಗಿ ನೋಡಿತು. ತಂದುಕೊಟ್ಟವನ ಹೆಸರು ಕೇಳಿದರೆ ಯಾರೂ ಹೇಳುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇದೆಯಲ್ಲ, ಅಲ್ಲಿನ ತೊಗಲುಗೊಂಬೆ, ಸೋಮನ ಮುಖ, ಬೀಸುಕಲ್ಲು, ಬಾನಿ ಎಲ್ಲಿಂದ ಬಂದವು? ಹಳ್ಳಿಯ ಅಟ್ಟದಿಂದ, ಗುಡಿಯಿಂದ. ಕೊಟ್ಟವರ ಮೊಮ್ಮಕ್ಕಳು ಮಂಡ್ಯದಿಂದಲೋ ನಾಗಮಂಗಲದಿಂದಲೋ ಮೈಸೂರಿಗೆ ಬಂದು ಆಟೋ ಓಡಿಸುತ್ತಿದ್ದಾರೆ, ಗಾರ್ಮೆಂಟ್ಸಿಗೆ ಹೋಗುತ್ತಿದ್ದಾರೆ. ಅವರ ತಾತನ ಗೊಂಬೆಯನ್ನು ಯಾವ ದಿನ, ಯಾವ ಹೊತ್ತಿಗೆ ಬಂದು ನೋಡಬಹುದು ಎಂದು ಮೊದಲೇ ಹೇಳಿದರೆ ಅದು ಮನರಂಜನೆಯೇ? ನಾನದನ್ನು ಬಾಕಿ ತೀರಿಸುವುದು ಎನ್ನುತ್ತೇನೆ.

ಈ ವಿಷಯದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಪ್ರೀತಿ. 1991ರಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಹೋದರು. ಘಟಿಕೋತ್ಸವಕ್ಕೆ ಅವರು ಇಟ್ಟುಕೊಂಡ ರೂಪ ನುಡಿಹಬ್ಬ. ಸಂಜೆ ಹೊತ್ತು, ಬಯಲಿನಲ್ಲಿ. ಅಲ್ಲಿ ನಾಡೋಜ ಗೌರವ ಪಡೆದವರಲ್ಲಿ ದರೋಜಿಯ ಬುರ್ರಕಥಾ ಈರಮ್ಮನೂ ಒಬ್ಬರು. ಅಕ್ಷರ ಕಲಿಯದ ಹೆಂಗಸು, ರಾತ್ರಿಗಟ್ಟಲೆ ಕಾವ್ಯ ಹಾಡಬಲ್ಲವರಾಗಿದ್ದರು. ಆ ವಿಶ್ವವಿದ್ಯಾಲಯದ ಮೇಲೆ ನನಗೆ ತಕರಾರುಗಳೂ ಇವೆ, ಇನ್ನೊಮ್ಮೆ ಬರೆಯುತ್ತೇನೆ. ಆದರೆ ಈರಮ್ಮನಂಥವರನ್ನು ವೇದಿಕೆಗೆ ಕರೆದು ಕೂರಿಸುವ ಜಾಗದಲ್ಲಿ ಅವರ ಊರಿನವರಿಗೂ ಕುರ್ಚಿ ಹಾಕಲೇಬೇಕಾಗುತ್ತದೆ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ನೀವು ಕಾರ್ಯಕ್ರಮಗಳು ಹೆಚ್ಚಾದವು ಎನ್ನುತ್ತೀರಿ. ನನಗೆ ಅನಿಸುವುದು, ಹೆಚ್ಚಾದವು, ಆದರೆ ಊರಿಗೆ ತಿಳಿಯದ ಹಾಗೆ ಹೆಚ್ಚಾದವು. ನನ್ನ ಮೇಜಿನ ಮೇಲೆ ಈಗ ಒಂದು ಆಹ್ವಾನ ಪತ್ರಿಕೆ ಇದೆ. ಯಾವ ವಿಭಾಗದ್ದೆಂದು ಹೇಳುವುದಿಲ್ಲ. ದಪ್ಪ ಹೊಳೆಯುವ ಕಾಗದ. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿ, ಗೌರವ ಉಪಸ್ಥಿತಿ, ಘನ ಉಪಸ್ಥಿತಿ, ಆಶಯ ನುಡಿ, ಪ್ರಾಸ್ತಾವಿಕ ನುಡಿ. ಹದಿನೇಳು ಹೆಸರು ಎಣಿಸಿದೆ. ಹದಿನೇಳನೆಯದು ಉಪನ್ಯಾಸಕರದು, ಅದೂ ಮಡಿಕೆಯ ಗೆರೆಯ ಮೇಲೆ ಬಂದು ಅರ್ಧ ಅಳಿಸಿದೆ. ಉಪನ್ಯಾಸದ ವಿಷಯ ಏನೆಂದು ಹುಡುಕಿದರೆ ಹಿಂಬದಿಯಲ್ಲಿ, ಮಧ್ಯಾಹ್ನದ ಊಟದ ಸಮಯದ ಕೆಳಗೆ. ಸಾರ್ವಜನಿಕರು ಬರಬಹುದೋ ಬಾರದೋ ಎಂಬ ಮಾತೇ ಇಲ್ಲ. ಸಮಯ: ಬುಧವಾರ ಬೆಳಗ್ಗೆ 11 ಗಂಟೆ. ನಮ್ಮ ಕೈ ಸೇರಿದ್ದು ಗುರುವಾರ.

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಬರುವ ಸಾರ್ವಜನಿಕರು ಯಾರು ಸ್ವಾಮಿ? ನನಗೆ ಪರಿಚಯದ ಒಬ್ಬ ಹೆಂಗಸು ಇದ್ದರು, ವಿಮಾ ಕಚೇರಿಯಲ್ಲಿ ಟೈಪಿಸ್ಟು. ಉಪನ್ಯಾಸಗಳು ಸಂಜೆ ಆರಕ್ಕೆ ನಡೆಯುತ್ತಿದ್ದ ಕಾಲದಲ್ಲಿ ಕಚೇರಿ ಮುಗಿಸಿ, ಟಿಫಿನ್ ಡಬ್ಬಿಯ ಚೀಲದ ಸಮೇತ ನೇರ ಸಭಾಂಗಣಕ್ಕೆ ಬರುತ್ತಿದ್ದರು. ಕಚೇರಿಯವರೇ ಹಂಚುವ ಡೈರಿಯಲ್ಲಿ ಟಿಪ್ಪಣಿ. ಒಂದು ಡೈರಿಯನ್ನು ಕೇಳಿ ಪಡೆದು ನೋಡಿದ್ದೇನೆ. ಪುಟದ ಮೇಲರ್ಧ ಪ್ರೀಮಿಯಂ ಕಟ್ಟುವ ತಾರೀಕು, ಹಾಲಿನ ಲೆಕ್ಕ. ಕೆಳಗರ್ಧದಲ್ಲಿ ಅಲ್ಲಮನ ವಚನದ ಮೇಲೆ ಯಾರೋ ಆಡಿದ ಮಾತುಗಳು, ಶೀಘ್ರಲಿಪಿಯಲ್ಲಿ ಕೆಲವು, ಉಳಿದದ್ದು ಕನ್ನಡದಲ್ಲಿ. ಅಂಚಿನಲ್ಲಿ ಅವರದೇ ಷರಾ: ‘ಮಾತು ಜಾಸ್ತಿ, ವಿಷಯ ಕಮ್ಮಿ.’ ಇನ್ನೊಂದು ಪುಟದಲ್ಲಿ: ‘ಇವರು ಇನ್ನರ್ಧ ಗಂಟೆ ಹೇಳಬೇಕಿತ್ತು.’ ಅಂಥ ವಿಮರ್ಶಕಿಯನ್ನು ಹನ್ನೊಂದು ಗಂಟೆಯ ಸಭೆಗಳು ಕಳೆದುಕೊಂಡವು. ಆಕೆಯ ಜಾಗದಲ್ಲಿ ಈಗ ಹಾಜರಾತಿಗಾಗಿ ಬಂದ ಅರವತ್ತು ಮಕ್ಕಳು ಮೊಬೈಲು ಒತ್ತುತ್ತ ಕೂತಿರುತ್ತಾರೆ. ಅವರ ತಪ್ಪೇನೂ ಇಲ್ಲ ಬಿಡಿ.

ಹೀಗೇಕಾಯಿತು ಎಂಬುದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಒಂದು, ಹೊಸ ಕ್ಯಾಂಪಸ್ಸುಗಳನ್ನು ಊರಿನಿಂದ ಆಚೆ, ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಕಟ್ಟಿದೆವು. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟವೋ ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆಯೋ, ಸಂಜೆಯ ನಾಟಕ ನೋಡಿ ವಾಪಸು ಬರಲು ಎಲ್ಲರ ಹತ್ತಿರವೂ ಸ್ಕೂಟರಿಲ್ಲ. ಇನ್ನೊಂದು, ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ತಂದಿತು. ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದರೆ ಅಂಕ. ರಾಜ್ಯಮಟ್ಟಕ್ಕಿಂತ ರಾಷ್ಟ್ರೀಯಕ್ಕೆ ಹೆಚ್ಚು, ರಾಷ್ಟ್ರೀಯಕ್ಕಿಂತ ಅಂತರರಾಷ್ಟ್ರೀಯಕ್ಕೆ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಅಂತರರಾಷ್ಟ್ರೀಯ ಸಂಕಿರಣಗಳ ಫ್ಲೆಕ್ಸು ಎದ್ದವು. ವಿದೇಶದ ಪ್ರತಿನಿಧಿ ಯಾರೆಂದು ನೋಡಿದರೆ, ಅಮೆರಿಕದಲ್ಲಿರುವ ಯಾರದೋ ಅಳಿಯ. ಆಮೇಲೆ ಕಾಲೇಜು, ವಿಶ್ವವಿದ್ಯಾನಿಲಯಗಳಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿಯ ಕಡತಕ್ಕೆ ಫೋಟೊ ಬೇಕು. ಬರೀ ಫೋಟೊ ಸಾಲದು, ಅಕ್ಷಾಂಶ ರೇಖಾಂಶ ಮುದ್ರಿತವಾದ ಜಿಯೊಟ್ಯಾಗ್ ಫೋಟೊ. ಸಭಾಂಗಣ ಭೂಮಿಯ ಮೇಲೆ ಎಲ್ಲಿದೆ ಎಂಬುದು ಉಪಗ್ರಹಕ್ಕೆ ಗೊತ್ತು, ಎದುರು ರಸ್ತೆಯ ಜೆರಾಕ್ಸ್ ಅಂಗಡಿಯವನಿಗೆ ಗೊತ್ತಿಲ್ಲ. ಕಡತಕ್ಕೆ ಬೇಕಾದದ್ದು ನಡೆದುಹೋದ ಕಾರ್ಯಕ್ರಮ. ನಡೆಯಲಿರುವ ಕಾರ್ಯಕ್ರಮದ ಸುದ್ದಿ ಯಾರಿಗೂ ಬೇಡ. ಹಾಗಾಗಿಯೇ ವಿಭಾಗಗಳು ನಮಗೆ ವರದಿಯನ್ನು ತಪ್ಪದೆ ಕಳಿಸುತ್ತವೆ, ಶಾಲು ಹೊದಿಸುವ ಚಿತ್ರದ ಸಮೇತ. ಆಹ್ವಾನವನ್ನು ಮರೆಯುತ್ತವೆ.

ಜನ ಬರುವುದಿಲ್ಲ ಎನ್ನುವವರಿಗೆ ನಾನು ದಸರಾ ಹೊತ್ತಿನ ಯುವ ಸಂಭ್ರಮ ತೋರಿಸುತ್ತೇನೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಾಲೇಜು ಮಕ್ಕಳು ಕುಣಿಯುತ್ತಾರೆ, ಊರಿಗೆ ಊರೇ ಬಂದು ಕಲ್ಲುಮೆಟ್ಟಿಲ ಮೇಲೆ ಕೂರುತ್ತದೆ. ಅದು ಕುಣಿತ, ಇದು ಉಪನ್ಯಾಸ ಎನ್ನುವಿರಿ. ಇರಲಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ನಾಟಕ ಸಂಸ್ಥೆಯ ಶಿಬಿರದ ಸಂಜೆ ನಾಟಕಕ್ಕೆ ಅಡಿಕೆ ತೋಟದಿಂದ ಎದ್ದು ಬರುವವರಿದ್ದಾರೆ. ಯಾವ ದಿನ, ಯಾವ ನಾಟಕ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ನೀನಾಸಮ್ ಸ್ಥಾಪಿಸಿದ ಕೆ.ವಿ. ಸುಬ್ಬಣ್ಣನವರು ಯಾರ ಬಡ್ತಿಗೂ ಅದನ್ನು ಕಟ್ಟಲಿಲ್ಲ.

ಬಂದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಬೇರೆ ಕಥೆ. ನಮ್ಮ ಪುಟ ನೋಡಿಕೊಂಡು ಒಂದು ಕ್ಯಾಂಪಸ್ಸಿನ ಚಿತ್ರಕಲಾ ಪ್ರದರ್ಶನಕ್ಕೆ ಹೋದ ಓದುಗರೊಬ್ಬರು, ಬಡಗಿ ಕೆಲಸದವರು, ಫೋನ್ ಮಾಡಿದ್ದರು. ಗೇಟಿನಲ್ಲಿ ಐಡಿ ಕೇಳಿದರಂತೆ. ಆಧಾರ್ ತೋರಿಸಿದರಂತೆ. “ಇದಲ್ಲ, ಕಾಲೇಜ್ ಐಡಿ” ಎಂದರಂತೆ. “ನನ್ನ ಹತ್ತಿರ ಕಾಲೇಜ್ ಐಡಿ ಇದ್ದಿದ್ದರೆ ನಾನ್ಯಾಕೆ ಬಡಗಿ ಆಗ್ತಿದ್ದೆ ಸಾರ್?” ಎಂದು ಅವರು ನನ್ನನ್ನು ಕೇಳಿದರು. ನಗುತ್ತಲೇ ಕೇಳಿದರು. ಗೇಟಿನವನನ್ನು ಬೈಯಲು ನನಗೆ ಮನಸ್ಸಿಲ್ಲ, ಹೊರಗುತ್ತಿಗೆಯ ಹುಡುಗ, ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೂ ಯಾರೂ ಹೇಳಿರಲಿಕ್ಕಿಲ್ಲ.

ಮೇಷ್ಟ್ರೇ, ನಿಮ್ಮ ಅಕ್ಷರ ನೋಡಿದರೆ ನೀವು ಒಳ್ಳೆಯ ಮೇಷ್ಟ್ರು ಎಂದು ತಿಳಿಯುತ್ತದೆ. ಹಾಳೆಯ ಎಡಕ್ಕೆ ಅಂಚು ಬಿಟ್ಟು, ಒಂದು ಚಿತ್ತಿಲ್ಲದೆ ನಾಲ್ಕು ಪುಟ ಬರೆದಿದ್ದೀರಿ. ಅಂಥವರು ಊರಿನವರನ್ನು ಹೊರಗಿಡುವ ಮಾತು ಆಡಬಾರದು. ನಿಮ್ಮ ಸಂಬಳದಲ್ಲಿ ರಾಗಿ ಬೆಳೆದವನ ಪಾಲಿತ್ತು, ನಾನು ಓದಿದ ಹಾಸ್ಟೆಲಿನ ಅನ್ನದಲ್ಲೂ ಇತ್ತು. ಅವನ ಮಗ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದಿರಬಹುದು. ಅದಕ್ಕೆ ಒಂದು ಸಂಜೆಯ ಉಪನ್ಯಾಸವೂ ಇಲ್ಲವೆನ್ನುವುದೇ?

ಆದ್ದರಿಂದ ಆ ಎರಡು ಪುಟ ಇರುತ್ತವೆ. ಉದ್ಯೋಗ ಮಾಹಿತಿಗೆ ರಾಶಿಭವಿಷ್ಯದ ಅರ್ಧ ಪುಟ ಬಿಡಿಸಿಕೊಡುತ್ತೇನೆ. ಅದಕ್ಕೆ ಬರುವ ಬೈಗುಳದ ಪತ್ರಗಳನ್ನು ನಿಮ್ಮ ವಿಳಾಸಕ್ಕೆ ಕಳಿಸುತ್ತೇನೆ. ವಿಭಾಗಗಳವರಿಗೂ ಇಲ್ಲೇ ಒಂದು ಮಾತು: ಮುಂದಿನ ಸಂಚಿಕೆಯಿಂದ ಅತಿಥಿಗಳ ಪಟ್ಟಿ ಅಚ್ಚು ಮಾಡುವುದಿಲ್ಲ. ಯಾರು ಮಾತಾಡುತ್ತಾರೆ, ಯಾವುದರ ಬಗ್ಗೆ, ಎಷ್ಟು ಹೊತ್ತಿಗೆ, ಕೊನೆಯ ಬಸ್ಸು ಯಾವಾಗ, ಕಾಲೇಜ್ ಐಡಿ ಇಲ್ಲದವರನ್ನು ಒಳಗೆ ಬಿಡುತ್ತೀರಾ. ಇಷ್ಟನ್ನು ತಿಂಗಳ 20ರೊಳಗೆ ಕಳಿಸಿ. ಕೊನೆಯ ಪ್ರಶ್ನೆಗೆ ಉತ್ತರ ಬರೆಯದವರ ಕಾರ್ಯಕ್ರಮ ಹಾಕುವುದಿಲ್ಲ.

– ಸಂ.