ಅಪ್ಪ ಸಾಲ ತೀರಿಸಿದ ಮೇಲೆ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ ಬಂದಿದೆ. ಎಂಜಿನಿಯರಿಂಗ್ ಓದುವ ಮಗ ಆನ್‌ಲೈನ್ ರಮ್ಮಿ, ಐಪಿಎಲ್ ಬೆಟ್ಟಿಂಗ್ ಎಂದು ಸಾಲ ಮಾಡಿಕೊಂಡಿದ್ದ. ಕಾಫಿ ಮಾರಿದ ದುಡ್ಡಿನಲ್ಲಿ ಇವರು ಅದನ್ನು ತೀರಿಸಿ, ದೇವರ ಮುಂದೆ ಆಣೆ ಮಾಡಿಸಿದ್ದಾರೆ. ಮರ್ಯಾದೆ ಹೋಗುತ್ತದೆ ಎಂದು ನೆಂಟರಿಗೂ ವಿಷಯ ತಿಳಿಸಿಲ್ಲ. "ಈಗ ಸರ್ಕಾರವೇ ಈ ಆಟಗಳನ್ನು ನಿಷೇಧಿಸಿದೆ. ಮತ್ತೆ ಮತ್ತೆ ಬರೆದು ಪೋಷಕರನ್ನು ಯಾಕೆ ಹೆದರಿಸುತ್ತೀರಿ?" ಎಂದು ಕೇಳಿದ್ದಾರೆ.

ಉತ್ತರ: ನಿಷೇಧ ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಪಾಸು ಮಾಡಿದ ಮೇಲೆ ದೊಡ್ಡ ದೊಡ್ಡ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ಆದರೆ ಬುಕ್ಕಿ ಎಲ್ಲಿಗೆ ಹೋದ? ವಾಟ್ಸ್ಆ್ಯಪ್‌ನಲ್ಲಿ ಒಂದು ಐಡಿ, ಒಂದು ಲಿಂಕ್ ಬಂದರೆ ಸಾಕು, ಓವರ್ ಓವರಿಗೂ ಬೆಟ್ಟಿಂಗ್ ಶುರು. ನಮ್ಮ ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಂತಿತು. ಕದ್ದು ನಡೆಯುವ ಓಸಿ ಚೀಟಿ ಜೂಜು ನಿಂತಿತೇ?

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಕಾಯ್ದೆಯ ಮಾತಲ್ಲ. ಯಾರಿಗೂ ಗೊತ್ತಾಗದಂತೆ ಸಾಲ ತೀರಿಸಿದೆ ಎಂದು ನೀವು ಸಮಾಧಾನದಿಂದ ಬರೆದಿದ್ದೀರಲ್ಲ, ಆ ಸಾಲು. ಅಪ್ಪನಾಗಿ ನಿಮಗೆ ಎಷ್ಟು ಸಂಕಟವಾಗಿರಬಹುದು ಎಂದು ಅರ್ಥವಾಗುತ್ತದೆ. ಆದರೂ ಹೇಳಲೇಬೇಕು. ಜೂಜಿನ ಚಟವನ್ನು ಗುರುತಿಸಲು ಅಮೆರಿಕದ ಮನೋವೈದ್ಯರ 2013ರ ಕೈಪಿಡಿ 9 ಲಕ್ಷಣಗಳನ್ನು ಕೊಡುತ್ತದೆ. ಒಂದು ವರ್ಷದೊಳಗೆ 4 ಕಂಡರೆ ಅದು ಕಾಯಿಲೆ. ಸೋತದ್ದನ್ನು ವಾಪಸು ಪಡೆಯಲು ಇನ್ನೊಂದು ದಿನ ಮತ್ತೆ ಬಂದು ಆಡುವುದು, ಎಷ್ಟು ಆಡಿದೆ ಎಂದು ಸುಳ್ಳು ಹೇಳುವುದು, ನಿಲ್ಲಿಸಲು ಹೋದರೆ ಸಿಡುಕುವುದು ಆ ಪಟ್ಟಿಯಲ್ಲಿವೆ. ಸೋತು ಸಿಕ್ಕಿಬಿದ್ದಾಗ ದುಡ್ಡಿಗಾಗಿ ಬೇರೆಯವರ ಮೇಲೆ ಬೀಳುವುದೂ ಅದರಲ್ಲೇ ಇದೆ. ನೀವು ಮುಗಿಯಿತು ಎಂದುಕೊಂಡದ್ದು ವೈದ್ಯರ ಪಾಲಿಗೆ ಒಂದು ಲಕ್ಷಣ.

ನಮ್ಮ ಬೀದಿಯ ಕಿರಾಣಿ ಅಂಗಡಿಯವರ ಮಗ ಇದೇ ದಾರಿಯಲ್ಲಿ ಹೋದವನು. ಅಪ್ಪ ಚೀಟಿ ಎತ್ತಿ ಸಾಲ ತೀರಿಸಿದರು. ಮುಂದಿನ ಐಪಿಎಲ್ ಬರುವಷ್ಟರಲ್ಲಿ ಮತ್ತೆ ಸಾಲ. ಈಗ ಚಿಕಿತ್ಸೆ ಪಡೆದು ಸುಧಾರಿಸಿಕೊಂಡಿದ್ದಾನೆ. ಅವನೇ ನನಗೆ ಹೇಳಿದ್ದು: "ಅಪ್ಪ ಸಾಲ ತೀರಿಸಿದ ದಿನ ನಂಗೆ ನಾಚಿಕೆ ಆಗ್ಲಿಲ್ಲ ಸಾರ್. ಇನ್ನು ಸೊನ್ನೆಯಿಂದ ಶುರು ಮಾಡಬಹುದು ಅನ್ನಿಸ್ತು." ರಮ್ಮಿಯಲ್ಲಿ ಒಂದೇ ಎಲೆ ತಪ್ಪಿದರೆ ಸೋತೆ ಅನ್ನಿಸುತ್ತಿರಲಿಲ್ಲವಂತೆ. ಗೆದ್ದಷ್ಟೇ ಹುರುಪು ಬರುತ್ತಿತ್ತಂತೆ.

ಧರ್ಮರಾಯನನ್ನೇ ನೋಡಿ. ಅವನು ಜೂಜಾಡಿದ್ದು ಎರಡು ಸಲ. ಮೊದಲ ಸಲ ಸೋತದ್ದನ್ನೆಲ್ಲ ಧೃತರಾಷ್ಟ್ರ ವಾಪಸು ಕೊಟ್ಟುಬಿಟ್ಟ. ಊರ ದಾರಿ ಹಿಡಿದಿದ್ದವನು ಮತ್ತೆ ಕರೆ ಬಂದ ಕೂಡಲೇ ತಿರುಗಿ ಬಂದು ಪಗಡೆಗೆ ಕೂತ. ಕಾಡಿಗೆ ಕಳಿಸಿದ್ದು ಆ ಎರಡನೇ ಆಟ. ಧರ್ಮರಾಯನಿಗೇ ತಡೆದುಕೊಳ್ಳಲು ಆಗಲಿಲ್ಲ. ಹತ್ತೊಂಬತ್ತರ ಹುಡುಗನನ್ನು ಆಣೆಯೊಂದು ಹಿಡಿದಿಡುತ್ತದೆಯೇ?

ಹಾಗಾದರೆ ಏನು ನೋಡಬೇಕು? ಅವನ ಮುಖಕ್ಕಿಂತ ಯುಪಿಐ ಸ್ಟೇಟ್‌ಮೆಂಟ್ ಜಾಸ್ತಿ ಹೇಳುತ್ತದೆ. ರಾತ್ರಿ ಒಂದು ಗಂಟೆಗೆ 200, ಐದು ನಿಮಿಷಕ್ಕೆ 500, ಮತ್ತೆ ಐದು ನಿಮಿಷಕ್ಕೆ 1,000. ಗೆಳೆಯರಿಂದ ಚಿಲ್ಲರೆ ಸಾಲ, ಎರಡೆರಡು ಸಲ ಕೇಳುವ ಪರೀಕ್ಷೆ ಫೀಸು, ರಿಪೇರಿಗೆ ಕೊಟ್ಟಿದ್ದೇನೆ ಎನ್ನುವ ಲ್ಯಾಪ್‌ಟಾಪ್. ಅಪರೂಪಕ್ಕೆ ಗೆದ್ದ ದಿನ ಮನೆಗೆಲ್ಲ ಬಿರಿಯಾನಿ. ಕದ್ದು ನೋಡಬೇಡಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಯಾರಿಗೆ ಎಷ್ಟು ಕೊಡಬೇಕು ಎಂದು ಅವನ ಕೈಯಲ್ಲೇ ಬರೆಸಿ. ಫೀಸನ್ನು ನೀವೇ ನೇರವಾಗಿ ಕಾಲೇಜಿಗೆ ಕಟ್ಟಿ. ಬದುಕೇ ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತದೆ ಎಂಬ ಭಯ ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್ ಚಟಕ್ಕೆಂದೇ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಬೆಂಗಳೂರು ನಿಮಗೇನೂ ದೂರವಲ್ಲ.

ಮರ್ಯಾದೆ ಹೋಗುತ್ತದೆ ಎನ್ನುತ್ತೀರಿ. ಯಾರ ಮರ್ಯಾದೆ? ಹುಡುಗರು ದೇವರಂತೆ ಕಾಣುವ ಆಟಗಾರರು, ನಟರು ವರ್ಷಗಟ್ಟಲೆ ಈ ಆ್ಯಪ್‌ಗಳ ಜಾಹೀರಾತಿನಲ್ಲಿ ನಕ್ಕರು. ಇದು ಚಟವಾಗಬಹುದು ಎಂಬ ಎಚ್ಚರಿಕೆಯನ್ನು ಕೊನೆಯಲ್ಲಿ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಿದ್ದರು. ಸರ್ಕಾರ 2023ರ ಅಕ್ಟೋಬರ್‌ನಿಂದ ಆಟಕ್ಕೆ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಹಾಕಿತು. ಅವರ್ಯಾರೂ ತಲೆ ತಗ್ಗಿಸಲಿಲ್ಲ. ನಿಮ್ಮ ಮಗ ಮಾತ್ರ ಯಾಕೆ ತಗ್ಗಿಸಬೇಕು? ಇನ್ನು ಕಾಲೇಜುಗಳು. ರ‍್ಯಾಗಿಂಗ್ ಬೇಡ ಎಂದು ಅಫಿಡವಿಟ್ ಬರೆಸಿಕೊಳ್ಳುತ್ತಾರೆ, ಡ್ರಗ್ಸ್ ವಿರುದ್ಧ ಜಾಥಾ ಮಾಡಿಸುತ್ತಾರೆ. ಹಾಸ್ಟೆಲ್ ರೂಮಿನಲ್ಲೇ ನಡೆಯುವ ಬೆಟ್ಟಿಂಗ್ ಬಗ್ಗೆ ಅರ್ಧ ಗಂಟೆಯ ಮಾತೂ ಇಲ್ಲ. ಮಗನ ಜೊತೆ ಮಾತಾಡಿ, ಅವನು ಒಪ್ಪಿದರೆ ಪ್ರಾಂಶುಪಾಲರಿಗೆ ನೀವೇ ಒಂದು ಪತ್ರ ಬರೆಯಿರಿ. ಹೆಸರು ಬೇಡವಾದರೆ ನನಗೆ ಕಳಿಸಿ, ಹೆಸರಿಲ್ಲದೆಯೇ ಅಚ್ಚು ಹಾಕುತ್ತೇನೆ.