ಝೋಂಬಿ ಪ್ರೋಸೆಸ್ (ಓಡುವುದು ಮುಗಿದರೂ ಪಟ್ಟಿಯಿಂದ ಹೋಗದ ಪ್ರೋಸೆಸ್) ಮೆಮೊರಿ ತಿನ್ನುವುದಿಲ್ಲ ಅಂದಮೇಲೆ ತೊಂದರೆ ಏನು?

ತೊಂದರೆ ಇರುವುದು ಪಿಐಡಿಯಲ್ಲಿ, ಅಂದರೆ ಪ್ರತಿ ಪ್ರೋಸೆಸ್‌ಗೂ ಕೊಡುವ ಗುರುತಿನ ಸಂಖ್ಯೆಯಲ್ಲಿ. ಚೈಲ್ಡ್ ಪ್ರೋಸೆಸ್ (ಇನ್ನೊಂದು ಪ್ರೋಸೆಸ್ ಹುಟ್ಟಿಸಿದ್ದು) ಮುಗಿದ ಕೂಡಲೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದರ ಮೆಮೊರಿ, ತೆರೆದಿಟ್ಟ ಫೈಲುಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತದೆ. ಆದರೆ ಅದು ಹೇಗೆ ಮುಗಿಯಿತು ಅಂತ ಅದನ್ನು ಹುಟ್ಟಿಸಿದ ಪೇರೆಂಟ್‌ಗೆ ಗೊತ್ತಾಗಬೇಕಲ್ವಾ? ಅದಕ್ಕಾಗಿ ಪ್ರೋಸೆಸ್ ಟೇಬಲ್‌ನಲ್ಲಿ ಒಂದು ನಮೂದು ಹಾಗೇ ಉಳಿಯುತ್ತದೆ. ಪೇರೆಂಟ್ 'ವೇಟ್' (ಚೈಲ್ಡ್ ಹೇಗೆ ಮುಗಿಯಿತು ಅಂತ ಕೇಳುವ ಕರೆ) ಕರೆಯುವವರೆಗೂ ಆ ಪಿಐಡಿ ಬೇರೆ ಯಾರಿಗೂ ಸಿಗುವುದಿಲ್ಲ.

ಒಂದೆರಡು ಇದ್ದರೆ ಸುಮ್ನೆ ಬಿಡಿ. ಸಾವಿರಗಟ್ಟಲೆ ಸೇರಿದರೆ ಮಾತ್ರ ಕಷ್ಟ. ಲಿನಕ್ಸ್‌ನಲ್ಲಿ ಪಿಐಡಿ ಮಿತಿ ಹಿಂದೆ ಸಾಮಾನ್ಯವಾಗಿ 32768 ಇರುತ್ತಿತ್ತು. 64 ಬಿಟ್ ಯಂತ್ರಗಳಲ್ಲಿ 4194304ರವರೆಗೆ ಏರಿಸಬಹುದು. ಅದಕ್ಕಿಂತ ಮೊದಲೇ ಅಡ್ಡ ಬರುವುದು ಒಬ್ಬೊಬ್ಬ ಯೂಸರ್‌ಗೆ ಇರುವ ಪ್ರೋಸೆಸ್ ಮಿತಿ. ಝೋಂಬಿಗಳೂ ಅದರ ಲೆಕ್ಕಕ್ಕೆ ಸೇರುತ್ತವೆ! ಮಿತಿ ಮುಟ್ಟಿದರೆ ಹೊಸ ಪ್ರೋಸೆಸ್ ಹುಟ್ಟಿಸುವ 'ಫೋರ್ಕ್' ಸೋಲುತ್ತದೆ. ಆಗ ಏನಾಗಿದೆ ಅಂತ ನೋಡಲು ಪ್ರೋಸೆಸ್ ಪಟ್ಟಿ ತೋರಿಸುವ 'ಪಿಎಸ್' ಓಡಿಸುವುದಕ್ಕೂ ಆಗದಿರಬಹುದು.

ಪ್ರೋಸೆಸ್ ಅನ್ನು ಬಲವಂತವಾಗಿ ಕೊಲ್ಲುವ 'ಕಿಲ್ -9' ಇಲ್ಲಿ ಕೆಲಸ ಮಾಡುವುದಿಲ್ಲ, ಝೋಂಬಿ ಆಗಲೇ ಸತ್ತಿದೆ. ಪೇರೆಂಟ್ ಅನ್ನು ನಿಲ್ಲಿಸಿ. ಅನಾಥವಾದ ಝೋಂಬಿಗಳನ್ನು ಸಾಮಾನ್ಯವಾಗಿ ಪಿಐಡಿ 1 (ಸಿಸ್ಟಮ್‌ನ ಮೊದಲ ಪ್ರೋಸೆಸ್) ದತ್ತು ಪಡೆದು ತೆರವು ಮಾಡುತ್ತದೆ. ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಪರಿಸರ) ಒಳಗೆ ನಿಮ್ಮ ಪ್ರೋಗ್ರಾಮೇ ಪಿಐಡಿ 1 ಆಗಿದ್ದರೆ ಆ ಕೆಲಸ ಅದೇ ಮಾಡಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಮಿತಿ ಏರಿಸುವ ಬದಲು ಕೋಡ್‌ನಲ್ಲಿ 'ವೇಟ್' ಎಲ್ಲಿ ತಪ್ಪಿದೆ ಅಂತ ಹುಡುಕಿ.