ಗುರುತಿನ ಚೀಟಿ ಕೈಯಲ್ಲಿದೆ, ಪಟ್ಟಿಯಲ್ಲಿ ಹೆಸರಿದೆಯೇ?

ಗ್ರಾಮ ಪಂಚಾಯಿತಿ ಚುನಾವಣೆಗೆ ಮುನ್ನ ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳುವುದು, ಸೇರಿಸುವುದು, ವರ್ಗಾಯಿಸಿಕೊಳ್ಳುವುದು ಹೇಗೆಂದು ಕೇಳಿ ಹಲವರು ಬರೆದಿದ್ದಾರೆ. ಅವುಗಳಲ್ಲಿ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲ ಉತ್ತರ ದೀರ್ಘವಾಗಿದೆ. ಉಳಿದವರ ತೊಡಕುಗಳ ಬೇರು ಕೂಡ ಬಹುಮಟ್ಟಿಗೆ ಅಲ್ಲೇ ಇರುವುದರಿಂದ ಅದನ್ನು ಎಲ್ಲರೂ ಓದಬೇಕೆಂದು ವಿನಂತಿ.

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಅವರ ಬಳಿ ಹಳೆಯ ಮತದಾರರ ಗುರುತಿನ ಚೀಟಿ ಇದೆ. ಹಿಂದಿನ ಎಲ್ಲ ಚುನಾವಣೆಗಳಲ್ಲೂ ನಮ್ಮೂರ ಶಾಲೆಯಲ್ಲೇ ಮತ ಹಾಕಿದ್ದಾರೆ. ಕಳೆದ ವರ್ಷ ಮೊಣಕಾಲಿನ ಚಿಕಿತ್ಸೆಗಾಗಿ ಎಂಟು ತಿಂಗಳು ನಗರದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದು, ಈಗ ಊರಿಗೆ ಮರಳಿದ್ದಾರೆ. ಚೀಟಿ ಇದ್ದ ಮೇಲೆ ಬೇರೇನಾದರೂ ಮಾಡಬೇಕೇ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮಾಡಬೇಕು, ಈ ವಾರವೇ ಮಾಡಬೇಕು. ಮತ ಹಾಕುವ ಹಕ್ಕು ಬರುವುದು ಪಟ್ಟಿಯಲ್ಲಿರುವ ಹೆಸರಿನಿಂದ. ಆ ಹೆಸರಿನವರು ಇವರೇ ಎಂದು ತೋರಿಸುವುದಷ್ಟೇ ಚೀಟಿಯ ಕೆಲಸ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ ಚುನಾವಣಾ ಆಯೋಗ ಒಪ್ಪಿರುವ ಬೇರೆ ಗುರುತಿನ ದಾಖಲೆ ತೋರಿಸಿ ಮತ ಹಾಕಬಹುದು. ಚೀಟಿಯಿದ್ದು ಹೆಸರಿಲ್ಲದಿದ್ದರೆ ಮತಗಟ್ಟೆಯಲ್ಲಿ ಯಾರೂ ಏನೂ ಮಾಡಲಾರರು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ನಡೆದಾಗ ನಾನು ಒಂದು ಮತಗಟ್ಟೆಯಲ್ಲಿ, ಪಟ್ಟಿ ನೋಡಿ ಕ್ರಮಸಂಖ್ಯೆ ಕೂಗುವ ಮೊದಲನೆಯ ಮತಗಟ್ಟೆ ಅಧಿಕಾರಿಯಾಗಿ ಕುಳಿತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ತಮ್ಮ ತಾಯಿಯ ವಯಸ್ಸಿನವರೇ ಆದ ಒಬ್ಬರು ಬಂದು, ಎಲೆಅಡಿಕೆಯ ಸಂಚಿಯಿಂದ ಕರವಸ್ತ್ರದಲ್ಲಿ ಸುತ್ತಿದ್ದ ಚೀಟಿಯನ್ನು ಬಿಡಿಸಿ ನನ್ನ ಮುಂದಿಟ್ಟರು. ಮೂಲ ಪಟ್ಟಿಯಲ್ಲಿ ಅವರ ಭಾವಚಿತ್ರವಿದ್ದ ಚೌಕದ ಮೇಲೆ ಹೆಸರು ತೆಗೆಯಲಾಗಿದೆ ಎಂಬ ಮುದ್ರೆ ಅಡ್ಡಲಾಗಿ ಬಿದ್ದಿತ್ತು. ಕೊನೆಯ ಪುಟಗಳ ಪೂರಕ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಎಸ್' ಎಂಬ ಒಂದಕ್ಷರವಿತ್ತು. ವಾಸಸ್ಥಳ ಬದಲಾಗಿದೆ ಎಂಬುದಕ್ಕೆ ಆ ಅಕ್ಷರ; ಮರಣ ಹೊಂದಿದವರಿಗೆ 'ಇ', ಎರಡು ಬಾರಿ ಸೇರಿರುವ ಹೆಸರಿಗೆ 'ಆರ್'. ಮಗನ ಮನೆಯಲ್ಲಿ ಕೆಲವು ತಿಂಗಳಿದ್ದು ಬಂದಿದ್ದೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. "ನಾನು ಇಲ್ಲೇ ನಿಂತಿದ್ದೀನಲ್ಲಪ್ಪ" ಎಂದು ಅವರು ಎರಡು ಬಾರಿ ಹೇಳಿದರು. ಅವರು ಚೀಟಿಯನ್ನು ಮತ್ತೆ ಅದೇ ವಸ್ತ್ರದಲ್ಲಿ ಸುತ್ತಿಕೊಂಡು ಹೊರಟದ್ದನ್ನು ನಾನು ಮರೆತಿಲ್ಲ. ಒಂದು ತಿಂಗಳು ಮೊದಲು ಯಾರಾದರೂ ಪಟ್ಟಿ ನೋಡಿದ್ದರೆ ಅರ್ಧ ದಿನದ ಕೆಲಸದಲ್ಲಿ ಸರಿಹೋಗಬಹುದಾಗಿದ್ದ ಸಂಗತಿ ಅದು.

ತಮ್ಮ ತಾಯಿಯವರು ಚಿಕಿತ್ಸೆಗಾಗಿ ದೂರವಿದ್ದರು ಎಂಬ ಒಂದೇ ಕಾರಣಕ್ಕೆ ಊರಿನ ನಿವಾಸಿಯಲ್ಲ ಎನ್ನಲಾಗದು. ತಾತ್ಕಾಲಿಕವಾಗಿ ಬೇರೆಡೆ ಇದ್ದವರು ಅಷ್ಟರಿಂದಲೇ ಸಾಮಾನ್ಯ ನಿವಾಸಿಯ ಸ್ಥಾನ ಕಳೆದುಕೊಳ್ಳುವುದಿಲ್ಲವೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಸ್ಥಳ ಬದಲಾಗಿದೆ ಎಂದು ಹೆಸರು ತೆಗೆಯುವ ಮುನ್ನ ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶವನ್ನೂ ಕೊಡಬೇಕು. ಆದರೆ ನೋಟಿಸು ಬಂದ ದಿನ ಮನೆಗೆ ಬೀಗ ಹಾಕಿದ್ದರೆ ಆ ಅವಕಾಶ ಕೈತಪ್ಪಿ ಹೋಗುತ್ತದೆ.

ನೋಡಬೇಕಾದ ಪಟ್ಟಿಗಳು ಎರಡು. ಮೊದಲನೆಯದು ವಿಧಾನಸಭಾ ಮತದಾರರ ಪಟ್ಟಿ. ಭಾರತ ಚುನಾವಣಾ ಆಯೋಗದ ಮತದಾರರ ಸೇವಾ ಜಾಲತಾಣದಲ್ಲಿ ಚೀಟಿಯ ಮೇಲಿನ ಎಪಿಕ್ ಸಂಖ್ಯೆ ಕೊಟ್ಟು ಹುಡುಕಿದರೆ ಭಾಗ ಸಂಖ್ಯೆ, ಕ್ರಮಸಂಖ್ಯೆ ಎರಡೂ ಸಿಗುತ್ತವೆ. ಹೆಸರು ಕೊಟ್ಟು ಹುಡುಕಿದಾಗ ಅಕ್ಷರದ ಒಂದು ವ್ಯತ್ಯಾಸಕ್ಕೂ ಹೆಸರು ಸಿಗದೆ ಹೋಗಬಹುದು. ಆದ್ದರಿಂದ ಸಂಖ್ಯೆಯಿಂದಲೇ ಹುಡುಕುವುದು ಮೇಲು. ಮೊಬೈಲು ಬಳಸಲು ಬಾರದಿದ್ದರೆ ನಿಮ್ಮ ಮತಗಟ್ಟೆಯ ಬಿ.ಎಲ್.ಒ. (ಮತಗಟ್ಟೆ ಮಟ್ಟದ ಅಧಿಕಾರಿ) ಅವರಲ್ಲಿ ಪಟ್ಟಿಯ ಪ್ರತಿ ಇರುತ್ತದೆ. ಅವರು ಸಾಮಾನ್ಯವಾಗಿ ಊರಿನ ಶಾಲೆಯ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. 1950 ಎಂಬ ಸಹಾಯವಾಣಿಗೂ ಕರೆ ಮಾಡಬಹುದು.

ಎರಡನೆಯ ಪಟ್ಟಿಯನ್ನು ಬಹಳ ಮಂದಿ ನೋಡುವುದೇ ಇಲ್ಲ. ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಇದುವರೆಗಿನ ಚುನಾವಣೆಗಳಲ್ಲಿ ಅದು ವಿಧಾನಸಭಾ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಪಂಚಾಯಿತಿಯ ಕ್ಷೇತ್ರವಾರು ವಿಂಗಡಿಸಿ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತ ಬಂದಿದೆ. ಹೀಗೆ ವಿಂಗಡಿಸುವಾಗ ಒಂದೇ ಬೀದಿಯ ಎದುರುಬದುರು ಮನೆಗಳು ಬೇರೆ ಬೇರೆ ಕ್ಷೇತ್ರಕ್ಕೆ ಹೋಗುವುದು, ಗಂಡನ ಹೆಸರು ಒಂದರಲ್ಲಿ ಹೆಂಡತಿಯ ಹೆಸರು ಇನ್ನೊಂದರಲ್ಲಿ ಬರುವುದು ಉಂಟು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುವ ಪಂಚಾಯಿತಿಯಲ್ಲಿ ಹತ್ತು ಹೆಸರು ಅತ್ತಿತ್ತಾದರೂ ಫಲಿತಾಂಶ ಬದಲಾಗಬಹುದು. ಆದ್ದರಿಂದ ಕರಡು ಪ್ರಕಟವಾದಾಗ ಪಂಚಾಯಿತಿ ಕಚೇರಿಗೆ ಹೋಗಿ ಮನೆಮಂದಿಯೆಲ್ಲರ ಹೆಸರನ್ನೂ ನೋಡಿ, ತಪ್ಪಿದ್ದರೆ ಅದರಲ್ಲಿ ಸೂಚಿಸಿರುವ ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.

ತಾಯಿಯವರ ಹೆಸರು ವಿಧಾನಸಭಾ ಪಟ್ಟಿಯಿಂದಲೇ ಹೋಗಿದ್ದರೆ, ಹೊಸದಾಗಿ ಹೆಸರು ಸೇರಿಸಲು ಇರುವ ನಮೂನೆ 6ರಲ್ಲಿ ಮತ್ತೆ ಅರ್ಜಿ ಹಾಕಬೇಕು. ಅರ್ಜಿ ತಿರಸ್ಕೃತವಾದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಒಪ್ಪದಿದ್ದರೆ ಆ ಆದೇಶವಾದ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ. ಅರ್ಜಿ ಕೊಟ್ಟ ಮರುದಿನವೇ ಹೆಸರು ಸೇರುವುದಿಲ್ಲ: ಆಕ್ಷೇಪಣೆಗೆ ಒಂದು ವಾರ ಬಿಡಬೇಕು, ಬಿ.ಎಲ್.ಒ. ಮನೆಗೆ ಬಂದು ನೋಡಬೇಕು, ಮತದಾರರ ನೋಂದಣಾಧಿಕಾರಿ ಆದೇಶ ಮಾಡಬೇಕು. 2020ರಲ್ಲಿ ಚುನಾವಣೆಯ ವೇಳಾಪಟ್ಟಿ ಹೊರಬಿದ್ದದ್ದು ನವೆಂಬರ್ 30ರಂದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ; ಮೊದಲ ಹಂತಕ್ಕೆ ಆ ದಿನ ಡಿಸೆಂಬರ್ 11. ಚುನಾವಣೆ ಘೋಷಣೆಯಾಗಲಿ, ಆಮೇಲೆ ನೋಡೋಣ ಎಂದು ಕುಳಿತವರಿಗೆ ಅಲ್ಲಿ ಸಿಕ್ಕದ್ದು ಹನ್ನೊಂದೇ ದಿನ.

ಪ್ರಶ್ನೆ: ಒಂಬತ್ತು ವರ್ಷಗಳಿಂದ ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಊರಿನಲ್ಲಿ ಮನೆ, ಎರಡು ಎಕರೆ ಜಮೀನು ನನ್ನ ಹೆಸರಿನಲ್ಲಿವೆ; ಚೀಟಿಯೂ ಊರಿನದೇ. ಬೆಂಗಳೂರಿನಲ್ಲಿ ಹೊಸದಾಗಿ ಹೆಸರು ಸೇರಿಸಿಕೊಂಡು ಊರಿನದನ್ನೂ ಪಂಚಾಯಿತಿ ಚುನಾವಣೆಗಾಗಿ ಹಾಗೆಯೇ ಉಳಿಸಿಕೊಳ್ಳಬಹುದೆಂದು ಸ್ನೇಹಿತರು ಹೇಳುತ್ತಾರೆ. ಸರಿಯೇ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ಸರಿಯಲ್ಲ. ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳ ಪಟ್ಟಿಯಲ್ಲಿರಬಾರದೆಂದು ಅದೇ ಕಾಯ್ದೆಯ 17ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಬೇರೆಡೆ ಹೆಸರಿಲ್ಲವೆಂದು ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದರೆ 31ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು.

ಜಮೀನು ನಿಮ್ಮದೆಂಬುದು ಇಲ್ಲಿ ನೆರವಿಗೆ ಬರುವುದಿಲ್ಲ. ಮನೆಯ ಒಡೆತನವಿದೆ ಎಂದ ಮಾತ್ರಕ್ಕೆ ಆ ಊರಿನ ಸಾಮಾನ್ಯ ನಿವಾಸಿಯಾಗುವುದಿಲ್ಲ ಎಂಬುದು ಕಾನೂನಿನ ಮಾತು. ವಾರದ ಆರು ದಿನ ಎಲ್ಲಿ ಉಣ್ಣುತ್ತೀರಿ, ಎಲ್ಲಿ ಮಲಗುತ್ತೀರಿ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಕೇಳಿಕೊಂಡರೆ ನಿಮ್ಮ ವಾಸ ಬೆಂಗಳೂರೇ ಎಂದು ತೋರುತ್ತದೆ. ಕೂಲಿಗಾಗಿ ನಾಲ್ಕು ತಿಂಗಳು ಗುಳೆ ಹೋಗಿ ಸುಗ್ಗಿಗೆ ಮರಳುವವರ ಮಾತು ಬೇರೆ. ಅವರ ಹೆಸರು ಊರಿನಲ್ಲಿ ಉಳಿಯುವುದೇ ನ್ಯಾಯ. ನೀವು ನಮೂನೆ 8ರಲ್ಲಿ ವಾಸಸ್ಥಳ ಬದಲಾವಣೆಗೆ ಅರ್ಜಿ ಹಾಕಿ. ಹುಟ್ಟೂರಿನ ಪಂಚಾಯಿತಿಯ ಮತವನ್ನು ಬಿಟ್ಟುಕೊಡುವುದು ಮನಸ್ಸಿಗೆ ಕಷ್ಟವೆಂಬುದು ನನಗೂ ಗೊತ್ತು. ಆದರೆ ಊರಿನ ಬೀದಿದೀಪ, ಕುಡಿಯುವ ನೀರಿನ ಬಗ್ಗೆ ತೀರ್ಮಾನಿಸಬೇಕಾದವರು ಅಲ್ಲಿ ದಿನವೂ ಬಾಳುವವರು. ಅಂತಹ ಅನುಗಾಲದ ಪ್ರಶ್ನೆಗಳು ಬೆಂಗಳೂರಿನ ನಿಮ್ಮ ಬೀದಿಯಲ್ಲೂ ಇವೆ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷವಾಯಿತು. ನನ್ನ ಹೆಸರು ಈಗಲೂ ತವರಿನ ಪಟ್ಟಿಯಲ್ಲಿದೆ. ಗಂಡನ ಊರಿನಲ್ಲಿ ನನ್ನ ಹೆಸರಿನಲ್ಲಿ ಕರೆಂಟು ಬಿಲ್ಲಾಗಲಿ ಪಹಣಿಯಾಗಲಿ ಯಾವುದೂ ಇಲ್ಲ. ಮೊದಲು ಅಲ್ಲಿ ತೆಗೆಸಿ, ಆಮೇಲೆ ಇಲ್ಲಿ ಹೊಸದಾಗಿ ಸೇರಿಸಬೇಕೆಂದು ಅತ್ತೆಯವರು ಹೇಳುತ್ತಾರೆ.
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಅತ್ತೆಯವರು ಹೇಳುವುದು ಹಳೆಯ ಕ್ರಮವನ್ನು ಹೋಲುತ್ತದೆ. ಹಿಂದೆ ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಹೋದವರು ನಮೂನೆ 6ರಲ್ಲೇ ಅರ್ಜಿ ಹಾಕಬೇಕಿತ್ತು. 2022ರಲ್ಲಿ ನಮೂನೆಗಳು ಬದಲಾದ ಮೇಲೆ, ಅದೇ ಕ್ಷೇತ್ರದೊಳಗಾಗಲಿ ಬೇರೆ ಕ್ಷೇತ್ರಕ್ಕಾಗಲಿ, ವಾಸ ಬದಲಿಸಿದವರೆಲ್ಲರಿಗೂ ನಮೂನೆ 8 ಒಂದೇ ಸಾಕು. ತವರಿನಲ್ಲಿ ಮೊದಲು ತೆಗೆಸಲು ಹೋಗಬೇಡಿ. ಇಲ್ಲಿ ಸೇರುವುದು ತಡವಾದರೆ ಎರಡು ಕಡೆಯೂ ಹೆಸರಿಲ್ಲದೆ ನಿಲ್ಲಬೇಕಾಗುತ್ತದೆ. ಎಪಿಕ್ ಸಂಖ್ಯೆ ಹಳೆಯದೇ ಮುಂದುವರಿಯುತ್ತದೆ.

ವಿಳಾಸದ ದಾಖಲೆ ನಿಮ್ಮ ಹೆಸರಿನಲ್ಲೇ ಇರಬೇಕೆಂದಿಲ್ಲ. ಅದೇ ಮನೆಯ ವಿಳಾಸದಲ್ಲಿ ಪತಿಯವರ ಹೆಸರು ಈಗಾಗಲೇ ಪಟ್ಟಿಯಲ್ಲಿದ್ದರೆ ಅವರ ಹೆಸರಿನ ವಿದ್ಯುತ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕು ಅಥವಾ ಕಂದಾಯ ಇಲಾಖೆಯ ಜಮೀನು ದಾಖಲೆ ನಡೆಯುತ್ತದೆ. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರಬೇಕೆಂದಿದ್ದರೆ ಅದು ತಿದ್ದುಪಡಿ; ಅದಕ್ಕೂ ನಮೂನೆ 8 ಇದೆ. ಹಾಗೆ ಬದಲಿಸಲೇಬೇಕೆಂಬ ನಿಯಮವಿಲ್ಲ, ಅದು ನಿಮ್ಮ ಇಷ್ಟ.

ಪ್ರಶ್ನೆ: ಮಗಳಿಗೆ ಈ ಮಾರ್ಚ್ 12ಕ್ಕೆ 18 ತುಂಬುತ್ತದೆ. ಜನವರಿ 1ಕ್ಕೆ ತುಂಬಿರಲಿಲ್ಲವಾದ್ದರಿಂದ ಮುಂದಿನ ವರ್ಷದವರೆಗೆ ಕಾಯಬೇಕೇ?
— ಶಿವಮೊಗ್ಗದ ಓದುಗರು

ಉತ್ತರ: ಬೇಡ. 2022ರವರೆಗೆ ವರ್ಷಕ್ಕೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕಿವೆ. ನಿಮ್ಮ ಮಗಳು ಏಪ್ರಿಲ್ 1ಕ್ಕೆ ಅರ್ಹಳಾಗುತ್ತಾಳೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದಾದ್ದರಿಂದ ನಮೂನೆ 6ನ್ನು ಈಗಲೇ ತುಂಬಿಸಿ. ಒಂದು ಎಚ್ಚರಿಕೆ: ಪಂಚಾಯಿತಿ ಚುನಾವಣೆಗೆ ಯಾವ ಅರ್ಹತಾ ದಿನಾಂಕದ ಪಟ್ಟಿಯನ್ನು ಆಧಾರವಾಗಿ ತೆಗೆದುಕೊಳ್ಳುತ್ತಾರೆ ಎಂಬುದು ರಾಜ್ಯ ಆಯೋಗದ ಆದೇಶದಲ್ಲಿರುತ್ತದೆ. ಆ ದಿನಾಂಕ ಜನವರಿ 1 ಎಂದಾದರೆ ಮಗಳಿಗೆ ಈ ಚುನಾವಣೆ ತಪ್ಪುತ್ತದೆ.

ಪ್ರಶ್ನೆ: ಆಧಾರ್ ಸಂಖ್ಯೆ ಜೋಡಿಸದಿದ್ದರೆ ಹೆಸರು ಹೋಗುತ್ತದೆಯೇ?
— ಕೊಪ್ಪಳದ ಓದುಗರು

ಉತ್ತರ: ಇಲ್ಲ. ಪಟ್ಟಿಯಲ್ಲಿರುವವರು ಆಧಾರ್ ಸಂಖ್ಯೆಯನ್ನು ನಮೂನೆ 6ಬಿಯಲ್ಲಿ ಕೊಡುವುದು ಸ್ವಇಚ್ಛೆಗೆ ಬಿಟ್ಟದ್ದು. ಅದನ್ನು ಒದಗಿಸಲಾಗದ್ದಕ್ಕೆ ಸಾಕಷ್ಟು ಕಾರಣವಿರುವವರ ಹೆಸರನ್ನು ಅಷ್ಟಕ್ಕೇ ತೆಗೆದುಹಾಕಬಾರದೆಂದು ಕಾಯ್ದೆಯಲ್ಲೇ ಇದೆ. ಆದರೆ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆಯುವಾಗ ಬಿ.ಎಲ್.ಒ. ಮನೆಗೆ ತರುವ ಗಣತಿ ನಮೂನೆ ಬೇರೆಯದು. ಅದನ್ನು ತುಂಬಿ, ಸಹಿ ಮಾಡಿ ಹಿಂತಿರುಗಿಸದೆ ಇಟ್ಟುಕೊಂಡರೆ ಹೆಸರು ಕರಡು ಪಟ್ಟಿಯಿಂದ ಹೊರಗುಳಿಯುತ್ತದೆ. ಕೊಟ್ಟ ಮೇಲೆ ಅವರ ಸಹಿಯಿರುವ ಪ್ರತಿಯೊಂದನ್ನು ಮನೆಯಲ್ಲಿ ತೆಗೆದಿಡಿ.